ಲೈಟ್ ಇಳಿಸದವನು

ಸಿಟ್ಟು ಎಲ್ಲರಿಗೂ ಬರುತ್ತದೆ, ಬಂದ ಹಾಗೇ ಹೋಗುತ್ತದೆ. ಪದ್ಮಪ್ರಸಾದನ ಸಿಟ್ಟು ಮಾತ್ರ ಮನೆ ಅಳಿಯನಿದ್ದ ಹಾಗೆ. ಒಮ್ಮೆ ಒಳಗೆ ಬಂದರೆ ಊಟ, ನಿದ್ದೆ ಎಲ್ಲ ಅಲ್ಲೇ. ಆ ಶನಿವಾರ ಸಂಜೆ ಅವನು ಹೊಸನಗರದ ತನ್ನ ಮನೆಯ ಮುಂದೆ ಕಾರು ನಿಲ್ಲಿಸಿ, ಅದರ ಬಾಗಿಲನ್ನು ಧಡಾರನೆ ಬಡಿದು, ಒಂದು ಚಪ್ಪಲಿಯನ್ನು ಮೆಟ್ಟಿಲ ಕೆಳಗೂ ಇನ್ನೊಂದನ್ನು ಜಗುಲಿಯ ಮೇಲೂ ಬಿಟ್ಟು ಒಳಗೆ ಬಂದ.

"ಇವತ್ತೂ ಹೊಡ್ದ!"

"ಯಾರು? ಎಲ್ಲಿಗೆ?" ಎಂದಳು ಹೆಂಡತಿ ಸಂಯುಕ್ತಾ. ಕೇಳಿದಳೇ ಹೊರತು ಸಾರು ಬಡಿಸುವುದನ್ನು ನಿಲ್ಲಿಸಲಿಲ್ಲ. ಮೂರು ವರ್ಷದಿಂದ ದಿನಾ ಕೇಳಿ ಅವಳಿಗೆ ಉತ್ತರ ಬಾಯಿಪಾಠವಾಗಿತ್ತು.

"ಕಣ್ಣಿಗೆ! ಲೈಟು! ಆ ರವೀಂದ್ರ!"

ಪದ್ಮಪ್ರಸಾದನ ಪಾತ್ರೆ ಅಂಗಡಿ ಇರುವುದು ನಿಟ್ಟೂರಿನಲ್ಲಿ. ಜೈನರ ಮನೆ, ಸೂರ್ಯ ಮುಳುಗಿದ ಮೇಲೆ ಅನ್ನ ಮುಟ್ಟುವಂತಿಲ್ಲ. ತಾಯಿ ಶೀಲಾವತಿಯಮ್ಮ ಆ ವಿಷಯದಲ್ಲಿ ಮಗ ಎಂದು ರಿಯಾಯಿತಿ ಕೊಡುವವರಲ್ಲ. ಹಾಗಾಗಿ ಉಳಿದವರ ಅಂಗಡಿಗಳಲ್ಲಿ ವ್ಯಾಪಾರ ಕುದುರುವ ಹೊತ್ತಿಗೆ ಇವನು ಬಾಗಿಲು ಹಾಕಿ, ನಗರ ಎಂಬ ಊರಿನ ಮೇಲಿಂದ ಹೊಸನಗರಕ್ಕೆ ಕಾರು ಓಡಿಸಬೇಕು. ಹೊಟ್ಟೆ ಹಸಿದಿರುತ್ತದೆ, ಹೊತ್ತು ಇಳಿಯುತ್ತಿರುತ್ತದೆ, ಮಳೆಗಾಲ ಮುಗಿದರೂ ಆ ರಸ್ತೆಯ ಮಂಜು ಮುಗಿದಿರುವುದಿಲ್ಲ. ಸೂರ್ಯ ಇದ್ದೂ ಕಾಣದ ಆ ಹೊತ್ತಿನಲ್ಲಿ ದೀಪ ಹಾಕಿಕೊಂಡೇ ಬರಬೇಕು. ಎದುರಿಗೆ ಬರುವ ಒಂದೊಂದು ಗಾಡಿಯೂ ಇವನ ಕಣ್ಣಿಗೆ ನೇರ ಬೆಳಕು ಹೊಡೆಯುತ್ತಿತ್ತು. ಬಸ್ಸು, ಲಾರಿ, ಬೈಕು, ಹಾಲಿನ ವ್ಯಾನು ಸಹ ಹೊಡೆಯುತ್ತಿತ್ತು. ಅವರನ್ನೆಲ್ಲ ಕ್ಷಮಿಸಬಹುದಿತ್ತೋ ಏನೋ. ಆದರೆ ಹೊಸನಗರದಲ್ಲಿ ಟೈಲ್ಸ್ ಅಂಗಡಿ ಇಟ್ಟು ಸಂಜೆ ನಗರದ ಮನೆಗೆ ಮರಳುವ ರವೀಂದ್ರನ ಬಿಳಿ ಕಾರು ಧೂಪದಮರದ ತಿರುವಿನಲ್ಲಿ ಎದುರಾದರೆ, ಬೆಳಕು ಹೊಡೆಯುವುದಲ್ಲದೆ ಆರಿಸಿ ಹೊತ್ತಿಸಿ, ಆರಿಸಿ ಹೊತ್ತಿಸಿ ಅಣಕಿಸುತ್ತಿತ್ತು.

"ಬೇಕಂತಲೇ ಮಾಡ್ತಾನೆ. ದುಡ್ಡಿನ ಸೊಕ್ಕು! ಲೈಟ್ ಇಳಿಸೋಕೆ ಬರದವನ ಕೈಗೆ ಸ್ಟೇರಿಂಗ್ ಕೊಟ್ಟವರು ಯಾರು? ಅಂಥವನ ಕೈಯಿಂದ ಕೀ ಕಿತ್ಕೊಂಡು ಅವನ ಹೆಂಡ್ತಿ ಕೈಗೆ ಕೊಡ್ಬೇಕು!"

ಸಂಯುಕ್ತಾಳ ಕಿವಿ ನೆಟ್ಟಗಾಯಿತು. ಅವಳು ಸಾಗರದ ತವರಿಗೆ ಬಾಣಂತನಕ್ಕೆ ಹೋದ ತಂಗಿಯನ್ನು ನೋಡಿಕೊಳ್ಳುವ ನೆವದಲ್ಲಿ ಕಾರು ಕಲಿತು, ಲೈಸೆನ್ಸು ತಂದು, ಅದನ್ನು ದೇವರ ಕೋಣೆಯ ಗೂಡಿನಲ್ಲಿಟ್ಟು ವರ್ಷವಾಗಿತ್ತು. ಕೀ ಮಾತ್ರ ಅವಳ ಕೈಗೆ ಬಂದಿರಲಿಲ್ಲ. ಕೇಳಿದಾಗಲೆಲ್ಲ ಪದ್ಮಪ್ರಸಾದ, "ನಂಗೇ ಆ ರಸ್ತೇಲಿ ಕಣ್ಣು ಕಾಣಲ್ಲ, ಇನ್ನು ನೀನು!" ಎಂದು ಬಾಯಿ ಮುಚ್ಚಿಸುತ್ತಿದ್ದ.

"ನೀವೂ ಅಷ್ಟೇ, ದಿನಾ ಇಲ್ಲಿ ಬಂದು ಕೂಗಾಡ್ತೀರಿ," ಎಂದಳು ಅವಳು. "ಅವರ ಹತ್ರ ಕೇಳಿದೀರಾ ಒಂದಿನ?"

"ಕೇಳೋದಿಲ್ಲ. ತೋರಿಸ್ತೀನಿ. ನಾಳೆ ಭಾನುವಾರ. ನಾಳೆ ಸಂಜೆ ಅವನು ತಾನಾಗೇ ಲೈಟ್ ಇಳಿಸ್ಬೇಕು. ಇಳಿಸದಿದ್ರೆ ಕೀ ನಿನ್ನ ಕೈಲಿಡ್ತೀನಿ, ಅಮ್ಮನ ಆಣೆ!"

"ನನ್ನ ಆಣೆ ಎಂತಕ್ಕೆ ಹಾಕ್ತೀಯಾ?" ಎಂದರು ಒಳಗಿನಿಂದ ಶೀಲಾವತಿಯಮ್ಮ. "ಊಟ ಮಾಡು, ಹೊತ್ತು ಮುಳುಗ್ತಾ ಬಂತು."

ಈ ಧೈರ್ಯಕ್ಕೆ ಕಾರಣ ಮಂಚದ ಕೆಳಗಿತ್ತು. ಹೊಸ ಎಲ್‌ಇಡಿ ಬಲ್ಬುಗಳು, ಜೊತೆಗೆ ಬಂಪರಿನ ಕೆಳಗೆ ಕೂರಿಸುವ ಹಳದಿ ಫಾಗ್ ಲೈಟುಗಳ ಜೋಡಿ. ಎರಡನ್ನೂ ಫೋನಿನಲ್ಲೇ ಆರ್ಡರ್ ಮಾಡಿ ತರಿಸಿ, ಪೆಟ್ಟಿಗೆಯನ್ನು ಯಾರಿಗೂ ಕಾಣದಂತೆ ಬಚ್ಚಿಟ್ಟಿದ್ದ. ಗ್ಯಾರೇಜಿಗೆ ಹೋದರೆ ಸುದ್ದಿ ರವೀಂದ್ರನ ಕಿವಿಗೆ ಬಿದ್ದೀತು. ಮನೆಯಲ್ಲೇ ಹಾಕುವುದು ಎಂದು ಫೋನಿನಲ್ಲಿ ವಿಡಿಯೋ ಸಹ ನೋಡಿಟ್ಟಿದ್ದ. ಅದರಲ್ಲಿ ಯಾರೋ ಹಿಂದಿಯವನು ನಗುನಗುತ್ತ ಹತ್ತೇ ನಿಮಿಷದ ಕೆಲಸ ಎಂದಿದ್ದ. ಆ ನಗು ನೆನೆದರೆ ಪದ್ಮಪ್ರಸಾದನಿಗೆ ಇವತ್ತಿಗೂ ಮೈ ಉರಿಯುತ್ತದೆ.

ಭಾನುವಾರ ಬೆಳಿಗ್ಗೆ ಕಾರಿನ ಬಾನೆಟ್ಟು ಎತ್ತಿದ್ದೇ ತಡ, ಪಕ್ಕದ ಮನೆಯ ಸೀತಾರಾಮಪ್ಪ ಬೇಲಿ ದಾಟಿ ಬಂದರು. ಬಾನೆಟ್ಟು ಎತ್ತುವ ಸದ್ದು ಅವರಿಗೆ ಮದುವೆ ಮನೆಯ ಓಲಗ ಇದ್ದ ಹಾಗೆ, ಕರೆಯದಿದ್ದರೂ ಹೋಗಲೇಬೇಕು.

"ಎಂತ ಪದ್ಮಣ್ಣ, ಕರೆಂಟಿನ ಕೆಲಸವಾ? ನನ್ನ ಕರೀಬಾರ್ದಾ? ಲಿಂಗನಮಕ್ಕೀಲಿ ಸರ್ವೀಸೆಲ್ಲ ಕಳೆದೋನು ನಾನು. ಇಡೀ ರಾಜ್ಯಕ್ಕೆ ಕರೆಂಟು ನಮ್ಮ ಕಣ್ಣೆದುರೇ ಹೋಗ್ತಿತ್ತು!"

ಅವರು ಲಿಂಗನಮಕ್ಕಿಯಲ್ಲಿದ್ದದ್ದು ನಿಜ. ಗೆಸ್ಟ್‌ಹೌಸಿನ ಹೂವಿನ ತೋಟ ನೋಡಿಕೊಳ್ಳುತ್ತಿದ್ದುದೂ ನಿಜ. ಕರೆಂಟು ಕಣ್ಣೆದುರೇ ಹೋಗುತ್ತಿತ್ತೆಂಬುದನ್ನು ಸುಳ್ಳೆನ್ನಲು ಬರುವುದಿಲ್ಲ, ತಂತಿ ಮೇಲಿಂದಲೇ ಹಾದುಹೋಗುತ್ತಿತ್ತು.

"ಬೇಡ ಸೀತಾರಾಮಪ್ಪನೋರೆ, ಸಣ್ಣ ಕೆಲಸ," ಎಂದು ಹಲ್ಲು ಕಚ್ಚಿ ಹೇಳಿದ ಪದ್ಮಪ್ರಸಾದ, ದೀಪದ ಹಿಂಬದಿಯ ಸಂದಿಗೆ ಕೈ ತೂರಿಸಿದ. ರಬ್ಬರಿನ ಮುಚ್ಚಳ ಬಂತು, ಬಲ್ಬು ಹಿಡಿದಿದ್ದ ತಂತಿಯ ಕ್ಲಿಪ್ಪು ಪಟ್ಟೆಂದು ಹಾರಿ ಚರಂಡಿಗೆ ಬಿತ್ತು, ಹಳೇ ಬಲ್ಬು ಬಂತು. ಕೈ ಮಾತ್ರ ಬರಲಿಲ್ಲ. ಎಳೆದ, ತಿರುಚಿದ, ಕಾರನ್ನೂ ವಿಡಿಯೋದವನನ್ನೂ ರವೀಂದ್ರನನ್ನೂ ಬೈದ. ಕೈ ಬ್ಯಾಟರಿ ಮತ್ತು ದೀಪದ ನಡುವೆ ಸಿಕ್ಕಿಕೊಂಡು ಊದತೊಡಗಿತು.

"ಎಳೀಬೇಡಿ, ತಡೀರಿ. ಮೀನಾಕ್ಷೀ, ಹರಳೆಣ್ಣೆ ತಗಂಡು ಬಾರೇ!" ಎಂದು ಸೀತಾರಾಮಪ್ಪ ಬೊಬ್ಬೆ ಹೊಡೆದರು. ಅವರ ಹೆಂಡತಿ ಮೀನಾಕ್ಷಮ್ಮ ಎಣ್ಣೆಯ ಜೊತೆಗೆ ಕೇರಿಯ ಇನ್ನಿಬ್ಬರು ಹೆಂಗಸರನ್ನೂ ಕರೆತಂದರು. ಬಾನೆಟ್ಟಿನೊಳಗೆ ಅರ್ಧ ಮುಳುಗಿ ನಿಂತವನ ಮೊಣಕೈಗೆ ಮಗುವಿಗೆ ಸವರುವಂತೆ ಹರಳೆಣ್ಣೆ ಸವರುತ್ತ ಮೀನಾಕ್ಷಮ್ಮ, "ಸಿಟ್ಟು ಮಾಡಬೇಡಿ ಅಣ್ಣ, ಸಿಟ್ಟಿಗೆ ಕೈ ಊದ್ತದೆ" ಎಂದರು. ಪದ್ಮಪ್ರಸಾದನಿಗೆ ಸಿಟ್ಟು ಇಮ್ಮಡಿಯಾಯಿತು. ಆದರೆ ಕೈ ಹೊರಗೆ ಬಂತು, ಚರ್ಮ ಸ್ವಲ್ಪ ಒಳಗೇ ಉಳಿಯಿತು.

ಚರಂಡಿಗೆ ಬಿದ್ದ ಕ್ಲಿಪ್ಪು ಸಿಗಲಿಲ್ಲ. ಸಂಯುಕ್ತಾ ತಲೆಯಿಂದ ಒಂದು ಹೇರ್‌ಪಿನ್ನು ತೆಗೆದು ಕೊಟ್ಟಳು. ಹೊಸ ಬಲ್ಬು ಅದರ ಆಧಾರದ ಮೇಲೆ ನಿಂತಿತು. ಇನ್ನೊಂದು ಬದಿಯ ಬಲ್ಬು ತಂಟೆಯಿಲ್ಲದೆ ಬದಲಾಯಿತು.

"ಈ ಹಳೇ ಬಲ್ಬು ಬಿಸಾಡ್ತೀರಾ?" ಎಂದರು ಸೀತಾರಾಮಪ್ಪ, ಎರಡನ್ನೂ ಅಂಗಿಯ ತುದಿಯಿಂದ ಒರೆಸುತ್ತ. "ನಮ್ಮ ಓಮ್ನಿಗೆ ಆಗ್ತವೆ. ಅದರ ದೀಪ ಎಣ್ಣೆ ದೀಪಕ್ಕಿಂತ ಕಡೆಯಾಗೈತೆ."

"ತಗೊಂಡು ಹೋಗಿ ಮಾರಾಯ್ರೆ! ಆ ದರಿದ್ರ ಬಲ್ಬಿಂದ ನಾನು ಒಂದಿನ ರಸ್ತೆ ಕಂಡವನಲ್ಲ. ಯಾರಿಗೂ ಬೇಡದ ಮಾಲು!"

ಸೀತಾರಾಮಪ್ಪ ಅವನ್ನು ಜೇಬಿಗೆ ಹಾಕಿಕೊಂಡರು. ಕೂಲಿ ಮುಂಗಡ ಸಿಕ್ಕಂತಾಯಿತು. ಇನ್ನು ಅವರನ್ನು ಮನೆಗೆ ಕಳಿಸಲು ಬ್ರಹ್ಮನಿಂದಲೂ ಆಗುತ್ತಿರಲಿಲ್ಲ.

ಮುಂದಿನ ಕೆಲಸ ಬಂಪರು. ವಿಡಿಯೋದಲ್ಲಿ ಅದು ಬಾಳೆಹಣ್ಣಿನ ಸಿಪ್ಪೆಯಂತೆ ಕಳಚಿ ಬಂದಿತ್ತು. ಇಲ್ಲಿ ಒಂದು ಬದಿ ಪದ್ಮಪ್ರಸಾದ, ಇನ್ನೊಂದು ಬದಿ ಸೀತಾರಾಮಪ್ಪ ಹಿಡಿದು, "ಐಸಾ" ಎಂದು ಎಳೆದರು. ಬಂಪರು ಬಂತು, ಜೊತೆಗೆ ಅದನ್ನು ಹಿಡಿದಿದ್ದ ಪ್ಲಾಸ್ಟಿಕ್ ಹಲ್ಲುಗಳೂ ಮುರಿದು ಅಂಗಳದಲ್ಲಿ ಚೆಲ್ಲಿದವು. ಸೀತಾರಾಮಪ್ಪ ಅಂಗಾತ ಬಿದ್ದು, ಬಿದ್ದಲ್ಲಿಂದಲೇ, "ನೋಡಿದ್ರಾ, ಬಂತು!" ಎಂದರು.

ಬಂಪರಿನ ಬಲಗಡೆಯ ಗೂಡಿನಲ್ಲಿ ಫಾಗ್ ಲೈಟು ಸರಿಯಾಗಿ ಕೂತಿತು. ಎಡಗಡೆಯ ಗೂಡಿಗೆ ಕೈ ಹಾಕಿದ ಪದ್ಮಪ್ರಸಾದ, ಅಲ್ಲಿ ಕಡಜ ಕಟ್ಟಿದ ಮಣ್ಣಿನ ಗೂಡು ಕಂಡು, ಸ್ಕ್ರೂಡ್ರೈವರ್ ಎತ್ತಿಕೊಂಡ. ಅಷ್ಟರಲ್ಲಿ ಜಗುಲಿಯಿಂದ ಶೀಲಾವತಿಯಮ್ಮನ ಧ್ವನಿ ಬಂತು.

"ಪದ್ಮಾ! ಎಂತದು ಅದು?"

"ಮಣ್ಣು ಅಮ್ಮ."

"ಮಣ್ಣಲ್ಲ, ಮನೆ. ಒಳಗೆ ಮರಿ ಇರ್ತವೆ. ಮುಟ್ಟಿದ್ರೆ ನಾನು ಇವತ್ತು ಊಟ ಮಾಡೋದಿಲ್ಲ."

"ಅಮ್ಮ, ಕಾರಿನ ಬಂಪರು ಅವುಗಳಿಗೆ ಮನೆ ಕಟ್ಟೋ ಜಾಗನಾ? ನಾನು ಬಾಡಿಗೆಗೆ ಬಿಟ್ಟಿದೀನಾ?"

"ನಿಂಗೆ ಬೇಕಾಗಿರೋದು ಬೆಳಕು. ಅವಕ್ಕೆ ಬೇಕಾಗಿರೋದು ಜೀವ. ಪಕ್ಕದಲ್ಲಿ ಎಲ್ಲಾದ್ರೂ ಕಟ್ಟಿಕೋ."

ತಾಯಿಯ ಮೇಲೆ ಸಿಟ್ಟಾಗಲು ಧರ್ಮ ಬಿಡುವುದಿಲ್ಲ, ಕಡಜದ ಮೇಲೆ ಸಿಟ್ಟಾಗಲು ತಾಯಿ ಬಿಡುವುದಿಲ್ಲ. ಪದ್ಮಪ್ರಸಾದ ಸಿಟ್ಟನ್ನೆಲ್ಲ ತಂತಿಯ ಮೇಲೆ ತೀರಿಸಿಕೊಂಡ. ಎಡಗಡೆಯ ಲೈಟನ್ನು ಗೂಡಿಗೆ ತಾಗದ ಹಾಗೆ ಮೇಲ್ಗಡೆ ಬಿಗಿದ. ಅದು ರಸ್ತೆಯನ್ನು ಬಿಟ್ಟು ಆಕಾಶ ನೋಡುತ್ತ ಕೂತಿತು. ಸೀತಾರಾಮಪ್ಪ ದೂರ ನಿಂತು ತಲೆ ಓರೆಮಾಡಿ, "ಇರಲಿ ಬಿಡಿ, ಮರ ಬಿದ್ರೆ ಮುಂಚೇನೇ ಗೊತ್ತಾಗ್ತದೆ" ಎಂದರು.

ಎದುರುಮನೆಯ ಜಯಪ್ಪ ತನ್ನ ಆಟೋ ನಿಲ್ಲಿಸಿ ಇಣುಕಿದ. "ಜೋರು ಲೈಟು ಪದ್ಮಣ್ಣ! ಎಂತ ವಿಶೇಷ?"

"ಧೂಪದಮರದ ತಿರುವಲ್ಲಿ ಒಬ್ಬ ದಿನಾ ಕಣ್ಣಿಗೆ ಹೊಡೀತಾನೆ. ಅವನಿಗೆ ಪೂಜೆ."

"ಅಯ್ಯೋ, ಆ ತಿರುವಾ!" ಎಂದು ಜಯಪ್ಪ ಹಣೆ ಚಚ್ಚಿಕೊಂಡ. "ಆ ಕಾರಿನ ಕಾಟಕ್ಕೆ ನಾನು ಸಂಜೆ ನಗರಕ್ಕೆ ಬಾಡಿಗೆ ಹೋಗೋದೇ ಬಿಟ್ಟಿದೀನಿ. ಒಂದಿನ ಗದ್ದೆಗೇ ಇಳಿಸಿಬಿಟ್ಟಿದ್ದೆ!"

"ಕೇಳ್ದ್ಯಾ ಸಂಯುಕ್ತಾ? ಊರಿಗೇ ಕಾಟ ಕೊಡ್ತಾನೆ ಆ ರವೀಂದ್ರ!"

"ರವೀಂದ್ರನೋರಾ?" ಎಂದ ಜಯಪ್ಪ ತಲೆ ಕೆರೆಯುತ್ತ. "ಅವರು ನಮ್ಮ ಹಿಂದೆ ಬರ್ತಾರಲ್ಲ, ಎದುರಿಗೆ ಬರೋದು..."

ಅವನ ಮಾತು ಅಲ್ಲಿಗೇ ನಿಂತಿತು. ಯಾಕೆಂದರೆ ಆಗಲೇ ಸೀತಾರಾಮಪ್ಪ ತಮ್ಮ ಲಿಂಗನಮಕ್ಕಿಯ ವಿದ್ಯೆಯನ್ನೆಲ್ಲ ಧಾರೆಯೆರೆದು ಕೆಂಪು ತಂತಿಗೆ ಕೆಂಪು, ಕಪ್ಪಿಗೆ ಕಪ್ಪು ಸೇರಿಸಿ, "ಹಾಕಿ ಸ್ವಿಚ್ಚು!" ಎಂದಿದ್ದರು. ಪದ್ಮಪ್ರಸಾದ ಫಾಗ್ ಲೈಟಿನ ಸ್ವಿಚ್ಚು ಹಾಕಿದ. ಹಳದಿ ದೀಪಗಳು ಹೊತ್ತಿದವು. ಜೊತೆಗೆ ಹಾರನ್ನೂ ಹೊಡೆದುಕೊಳ್ಳತೊಡಗಿತು. ಕೇರಿಯ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು, ಜಯಪ್ಪ ಕಿವಿ ಮುಚ್ಚಿಕೊಂಡು ಓಡಿದ.

"ಆರಿಸಿ! ಆರಿಸಿ!" ಎಂದರು ಎಲ್ಲರೂ. ಆರಿಸಿದ. ಹಾರನ್ನೂ ನಿಂತಿತು. ಮತ್ತೆ ಹಾಕಿದ. ಮತ್ತೆ ಕೂಗಿತು.

"ಒಳ್ಳೇದೇ ಆತಲ್ಲ," ಎಂದರು ಸೀತಾರಾಮಪ್ಪ, ಮುಖದ ಮೇಲೆ ಒಂದಿಷ್ಟೂ ನಾಚಿಕೆಯಿಲ್ಲದೆ. "ಮಂಜಲ್ಲಿ ಬೆಳಕೂ ಬೇಕು, ಹಾರನ್ನೂ ಬೇಕು. ಒಂದೇ ಸ್ವಿಚ್ಚಲ್ಲಿ ಎರಡೂ."

ಪದ್ಮಪ್ರಸಾದನ ಕೈಯಲ್ಲಿ ಆಗ ಸ್ಪ್ಯಾನರ್ ಇತ್ತು. ಅಹಿಂಸೆ ಎಷ್ಟು ಕಷ್ಟದ ವ್ರತ ಎಂಬುದು ಅವನಿಗೆ ಆ ಕ್ಷಣದಲ್ಲಿ ಅರ್ಥವಾದಷ್ಟು ಬೇರೆ ಯಾವಾಗಲೂ ಆಗಿರಲಿಲ್ಲ.

ತಂತಿಗಳನ್ನು ಬಿಚ್ಚಿ ಮತ್ತೆ ಕಟ್ಟುವಷ್ಟು ಹೊತ್ತು ಇರಲಿಲ್ಲ. ಮುರಿದ ಹಲ್ಲುಗಳ ಬದಲು ಬಂಪರನ್ನು ಪ್ಲಾಸ್ಟಿಕ್ ಹಗ್ಗದಿಂದ ಬಿಗಿಯುವುದರಲ್ಲೇ ಬಿಸಿಲು ಜಗುಲಿಯಿಂದ ಅಂಗಳಕ್ಕೆ, ಅಂಗಳದಿಂದ ಬೇಲಿಗೆ ಸರಿದಿತ್ತು. ಸಂಯುಕ್ತಾ ಬಂದು ಕರೆದಳು. "ರೀ, ಬೆಳಿಗ್ಗೆ ತಿಂದ ಎರಡು ದೋಸೆ ಬಿಟ್ರೆ ಹೊಟ್ಟೆಗೆ ಎಂತದೂ ಇಲ್ಲ. ಬಡಿಸಿದೀನಿ. ಆಮೇಲೆ ಹೊತ್ತು ಮುಳುಗ್ತದೆ."

"ಊಟ ಓಡಿ ಹೋಗಲ್ಲ, ರವೀಂದ್ರ ಓಡಿ ಹೋಗ್ತಾನೆ. ಅವನ ಅಂಗಡಿಗೆ ಭಾನುವಾರವೂ ರಜೆ ಇಲ್ಲ. ಬಂದು ತಿಂತೀನಿ."

"ಹಾಗಾದ್ರೆ ನಾನೂ ಬರ್ತೀನಿ. ಮುಂದೆ ಕೂರ್ತೀನಿ. ಪಂಥ ಅಂದ್ಮೇಲೆ ಸಾಕ್ಷಿ ಬೇಕಲ್ಲ."

ಸಾಮಾನ್ಯವಾಗಿ ಅವಳು ಹಿಂದೆ ಅತ್ತೆಯ ಪಕ್ಕ ಕೂರುವವಳು. ಇವತ್ತು ಶೀಲಾವತಿಯಮ್ಮ ಒಬ್ಬರೇ ಹಿಂದೆ ಕೂತರು. ಹೊಸ ದೀಪಕ್ಕೆ ಮೊದಲ ಪಯಣ, ತಾನು ಇರದಿದ್ದರೆ ಹೇಗೆ ಎಂದು ಅವರ ವಾದ. ಪದ್ಮಪ್ರಸಾದ ಕೀ ತಿರುಗಿಸಿ ದೀಪ ಹಾಕಿದ. ಕಾರು ಕೊಂಡ ದಿನ ಹೊಂಬುಜದಲ್ಲಿ ಪೂಜೆ ಮಾಡಿಸಿ ತಂದ ಪದ್ಮಾವತಿ ದೇವಿಯ ಪುಟ್ಟ ಚಿತ್ರವನ್ನು ಅವನು ಸ್ಪೀಡು ತೋರಿಸುವ ಗಾಜಿನ ಮೂಲೆಗೇ ಅಂಟಿಸಿದ್ದ. ಬೇರೆಯವರು ದೇವರನ್ನು ಎಲ್ಲೋ ಇಟ್ಟು ಇನ್ನೆಲ್ಲೋ ನೋಡುತ್ತ ಓಡಿಸುತ್ತಾರೆ. ತನ್ನ ಕಣ್ಣು ಪದೇ ಪದೇ ಹೋಗುವ ಜಾಗದಲ್ಲೇ ದೇವಿ ಇರಬೇಕು ಎಂಬುದು ಅವನ ಲೆಕ್ಕ. ದೀಪ ಹಾಕಿದೊಡನೆ ದೇವಿಯ ಹಿಂದೆ ನಸುನೀಲಿ ಪ್ರಭೆ ಮೂಡಿತು. ಹಿಂದಿನ ಸೀಟಿನಿಂದ ಶೀಲಾವತಿಯಮ್ಮ ಕೈಮುಗಿದು, "ಪ್ರಸನ್ನಳಾದಳು, ಹೊರಡು" ಎಂದರು.

ಕಿಟಕಿಯಿಂದ ಇಣುಕಿದ ಮೀನಾಕ್ಷಮ್ಮ ಗಲ್ಲಕ್ಕೆ ಕೈ ಹಚ್ಚಿದರು. "ಎಷ್ಟು ಚೆಂದ ಬೆಳಗ್ತಾಳೆ ತಾಯಿ! ನಮ್ಮ ಓಮ್ನೀಲಿ ಸಿಗಂದೂರಮ್ಮನ ಚಿತ್ರ ಇದ್ದೂ ಇಲ್ಲದ ಹಾಗೈತೆ ನೋಡಿ."

ನಗರದವರೆಗೆ ಹೋಗಿ ಕಾರು ತಿರುಗಿಸಿ, ಪದ್ಮಪ್ರಸಾದ ಹೊಸನಗರದ ಕಡೆಗೆ ಹೊರಟಾಗ ಮಂಜು ಇಳಿದು ರಸ್ತೆ ಬೆಳ್ಳಗಾಗಿತ್ತು. ಹೊಸ ಬೆಳಕು ಮಂಜಿಗೆ ಬಿದ್ದು ಹಾಲಿನ ಗೋಡೆಯಂತೆ ಅವನ ಮುಂದೆಯೇ ನಿಂತಿತು. ಮೊದಲು ಹತ್ತು ಮಾರು ಕಾಣುತ್ತಿದ್ದ ರಸ್ತೆ ಈಗ ಎರಡು ಮಾರೂ ಕಾಣಲಿಲ್ಲ. ಆಕಾಶ ನೋಡುತ್ತಿದ್ದ ಎಡಗಡೆಯ ಲೈಟು ಮರದ ಕೊಂಬೆಯ ಮೇಲಿನ ಮಂಗಗಳನ್ನು ಮಾತ್ರ ಚೆನ್ನಾಗಿ ತೋರಿಸಿತು. ಆದರೆ ಅವನಿಗೆ ರಸ್ತೆ ಬೇಕಾಗಿರಲಿಲ್ಲ, ರವೀಂದ್ರ ಬೇಕಾಗಿದ್ದ.

ಧೂಪದಮರದ ತಿರುವಿನಲ್ಲಿ ಬಂದೇ ಬಂತು ಬಿಳಿ ಬೆಳಕು. ನೇರ ಕಣ್ಣಿಗೆ. ಆಮೇಲೆ ಆರಿ ಹೊತ್ತಿ, ಆರಿ ಹೊತ್ತಿ, ಅದೇ ಅಣಕ.

"ಬಾ ಮಗನೇ!" ಎಂದು ಪದ್ಮಪ್ರಸಾದ ಫಾಗ್ ಲೈಟಿನ ಸ್ವಿಚ್ಚು ಒತ್ತಿದ. ಹಳದಿ ದೀಪ ಹೊತ್ತಿತು, ಹಾರನ್ನು ಅರಚಿತು, ಮಂಗಗಳು ಕೊಂಬೆಯಿಂದ ಕೊಂಬೆಗೆ ಹಾರಿ ಕಿರುಚಿದವು, ಶೀಲಾವತಿಯಮ್ಮ ಗಟ್ಟಿಯಾಗಿ ಣಮೋಕಾರ ಮಂತ್ರ ಶುರುಮಾಡಿದರು. ಎದುರಿನ ಕಾರು ತತ್ತರಿಸಿ, ಬ್ರೇಕು ಹಾಕಿ, ರಸ್ತೆಯಂಚಿಗೆ ಇಳಿದು ನಿಂತಿತು. ಅದರ ದೀಪಗಳು ಒಂದಾದ ಮೇಲೊಂದು ಆರಿದವು.

"ಇಳಿಸ್ದ! ಇಳಿಸೋದೇನು, ಆರಿಸೇಬಿಟ್ಟ!" ಪದ್ಮಪ್ರಸಾದ ಕಾರು ನಿಲ್ಲಿಸಿ ಸ್ಟೇರಿಂಗಿಗೆ ಗುದ್ದಿದ. ಮೂರು ವರ್ಷದ ಉರಿ ತಣ್ಣಗಾಗಿ ಅವನ ಕಣ್ಣಲ್ಲಿ ನೀರು ಬಂತು. "ನೋಡ್ದ್ಯಾ ಸಂಯುಕ್ತಾ? ಗೆದ್ದೆ! ಕೀ ನನ್ನದೇ!"

"ಹೌದ್ರಿ, ಗೆದ್ರಿ. ಮೊದಲು ಆ ಹಾರನ್ ನಿಲ್ಸಿ," ಎಂದಳು ಅವಳು.

ಸ್ವಿಚ್ಚು ಆರಿಸಿದ. ಮಂಜಿನೊಳಗಿಂದ ಒಬ್ಬ ಮನುಷ್ಯ ಕಣ್ಣಿಗೆ ಅಂಗೈ ಅಡ್ಡ ಹಿಡಿದು, ತಡವುತ್ತ ಬಂದು, ಕಿಟಕಿಗೆ ಬಗ್ಗಿದ. ರವೀಂದ್ರನೇ. ಪದ್ಮಪ್ರಸಾದನ ಮುಖ ಕಂಡು ಅವನ ಬಾಯಿ ತೆರೆದುಕೊಂಡಿತು.

"ಪದ್ಮಪ್ರಸಾದ್ರಾ? ಅಯ್ಯೋ, ನೀವಾ ಅದು? ಮೂರು ವರ್ಷದಿಂದ ಯಾರಪ್ಪಾ ಈ ಪಾಪಿ ಅಂತ ಬೈಕೊಂಡು ಓಡಾಡ್ತಿದೀನಲ್ರೀ!"

"ಪಾಪಿ ನಾನಾ?" ಪದ್ಮಪ್ರಸಾದ ಬಾಗಿಲು ತೆರೆದು ಹಾರಿಬಿದ್ದ. "ದಿನಾ ಕಣ್ಣಿಗೆ ಹೊಡೆಯೋದು ನೀವು, ಅಣಕಿಸೋದು ನೀವು! ಲೈಟ್ ಇಳಿಸೋಕೆ ಬರಲ್ವೇನ್ರೀ ನಿಮಗೆ?"

"ಅಣಕಿಸೋದಾ? ಲೈಟ್ ಇಳಿಸಿ ಮಾರಾಯ್ರೆ ಅಂತ ನಿಮಗೆ ಸನ್ನೆ ಮಾಡ್ತಿದ್ದೆ! ಎಲ್ಲರೂ ಮಾಡ್ತಾರೆ. ಹಾಲಿನ ವ್ಯಾನಿನವನೂ ಮಾಡ್ತಾನೆ. ನೀವು ಜಪ್ಪಯ್ಯ ಅಂದ್ರೂ ಇಳಿಸಲ್ಲ. ಇವತ್ತಂತೂ ಕಣ್ಣೇ ಹೋಯ್ತು ಅಂದ್ಕೊಂಡೆ, ಅದಕ್ಕೆ ಗಾಡಿ ನಿಲ್ಸಿ ಎಲ್ಲ ಆರಿಸಿ ಬಂದೆ, ಕಾಲಿಗಾದ್ರೂ ಬೀಳೋಣ ಅಂತ."

"ಸುಳ್ಳು! ನನ್ನ ಲೈಟು ಯಾವಾಗ್ಲೂ ಇಳಿದೇ ಇರತ್ತೆ! ಕಾರು ತಂದಾಗಿಂದ ಆ ಲೈಟಿನ ಕಡ್ಡಿ ಮುಟ್ಟಿದವನಲ್ಲ ನಾನು!"

ಮುಂದಿನ ಸೀಟಿನಲ್ಲಿ ಕೂತಿದ್ದ ಸಂಯುಕ್ತಾ ಸ್ಪೀಡಿನ ಗಾಜಿನ ಕಡೆ ಬಗ್ಗಿದಳು. ದೇವಿಯ ಚಿತ್ರಕ್ಕೆ ಒಮ್ಮೆ ಕೈಮುಗಿದು, ಅದರ ಅಂಚನ್ನು ಉಗುರಿನಿಂದ ಮೆಲ್ಲನೆ ಎಬ್ಬಿಸಿ ಬಿಡಿಸಿಕೊಂಡಳು. ಹಿಂದೆ ಅವರೆಕಾಳಿನಷ್ಟು ನೀಲಿ ದೀಪ ಉರಿಯುತ್ತಿತ್ತು.

"ರೀ," ಎಂದಳು ನಿಧಾನವಾಗಿ, "ಡ್ರೈವಿಂಗ್ ಸ್ಕೂಲಲ್ಲಿ ಮೊದಲ್ನೇ ದಿನ ಹೇಳಿಕೊಟ್ಟಿದ್ರು. ಈ ನೀಲಿ ದೀಪ ಉರೀತಿದ್ರೆ ಲೈಟು ಮೇಲಿದೆ ಅಂತ ಅರ್ಥ."

"ಅದು ದೇವಿ ಪ್ರಭೆ ಕಣೇ!"

"ಈ ಕಡ್ಡಿ ಹಿಂದಕ್ಕೆ ಎಳ್ದು ನೋಡಿದೀರಾ ಒಂದಿನ?"

"ಎಳೆದ್ರೆ ಪ್ರಭೆ ಹೋಗ್ಬಿಡತ್ತೆ! ತಂದ ದಿನವೇ ನೋಡಿದೀನಿ. ಅಮ್ಮನೂ ನೋಡಿದಾರೆ..." ಎಂದವನು ಅಲ್ಲಿಗೇ ನಿಲ್ಲಿಸಿದ. ತನ್ನ ಬಾಯಿಂದ ಬಂದದ್ದು ತನ್ನ ಕಿವಿಗೇ ಬಿತ್ತು.

ಸಂಯುಕ್ತಾ ಕಡ್ಡಿ ಎಳೆದಳು. ನೀಲಿ ದೀಪ ಆರಿತು. ಹೊರಗೆ ಮಂಜಿನ ಗೋಡೆ ಕರಗಿ, ಬೆಳಕು ತಲೆ ಬಗ್ಗಿಸಿ ರಸ್ತೆಗೆ ಇಳಿಯಿತು. ಮೂರು ವರ್ಷದಲ್ಲಿ ಮೊದಲ ಸಲ ಪದ್ಮಪ್ರಸಾದನಿಗೆ ಧೂಪದಮರದ ತಿರುವು ಇಡಿಯಾಗಿ ಕಂಡಿತು. ಅಂಚಿನ ಬಿಳಿ ಕಲ್ಲು ಕಂಡಿತು, ಜಯಪ್ಪನ ಆಟೋ ಇಳಿದ ಗದ್ದೆ ಕಂಡಿತು. ಹಳೇ ಬಲ್ಬೇ ಸಾಕಾಗಿತ್ತು. ಕೈಯ ಚರ್ಮ, ಬಂಪರಿನ ಹಲ್ಲು, ಮಧ್ಯಾಹ್ನದ ಊಟ, ಒಂದೂ ಕಳೆದುಕೊಳ್ಳಬೇಕಾಗಿರಲಿಲ್ಲ. ಅವಮಾನಕ್ಕಿಂತ ಹೆಚ್ಚಾಗಿ ಅವನಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಹುಡುಕುತ್ತ ಸುತ್ತ ನೋಡಿದ. ರವೀಂದ್ರ ಮುಖ ಆ ಕಡೆ ತಿರುಗಿಸಿ ಭುಜ ಕುಲುಕಿಸುತ್ತಿದ್ದ.

"ಪಂಥ ಗೆದ್ದವನು ನಾನೇ," ಎಂದ ಕೊನೆಗೆ ಪದ್ಮಪ್ರಸಾದ. "ಮೊದಲು ಆರಿಸಿದ್ದು ಅವರು."

"ಪಂಥ ಗೆದ್ರಿ, ಇಲ್ಲ ಅನ್ನಲ್ಲ," ಎಂದು ಸಂಯುಕ್ತಾ ಅಂಗೈ ಚಾಚಿದಳು. "ಆದ್ರೆ ಲೈಟ್ ಇಳಿಸೋಕೆ ಬರದವನ ಕೈಯಿಂದ ಕೀ ಕಿತ್ಕೊಂಡು ಎಂತ ಮಾಡ್ಬೇಕು ಅಂದಿದ್ರಿ ನಿನ್ನೆ?"

ಪದ್ಮಪ್ರಸಾದ ತಾಯಿಯ ಕಡೆ ನೋಡಿದ. ಶೀಲಾವತಿಯಮ್ಮ ಸೊಸೆಯ ಕೈಯಿಂದ ದೇವಿಯ ಚಿತ್ರ ಇಸಿದುಕೊಂಡು ಸೆರಗಿನಿಂದ ಒರೆಸುತ್ತಿದ್ದರು. "ನಾನೂ ಕೇಳಿಸ್ಕೊಂಡಿದೀನಿ. ಕೊಡೋ ಕೀ. ನನ್ನ ಆಣೆ ಬೇರೆ ಹಾಕಿದೀಯ," ಎಂದರು. ಆಮೇಲೆ ಕೈಗಡಿಯಾರ ನೋಡಿ, "ಹೊತ್ತೂ ಮುಳುಗಿತು. ಇನ್ನು ನಿನ್ನ ಊಟ ನಾಳೆ ಬೆಳಿಗ್ಗೆಗೇ" ಎಂದು ಸೇರಿಸಿದರು.

ಸಂಯುಕ್ತಾ ಕಾರು ಹೊರಡಿಸಿದಳು. ಒಮ್ಮೆಯೂ ಕುಲುಕದೆ ಹೊರಟಿತು ಎಂಬುದು ಪದ್ಮಪ್ರಸಾದನಿಗೆ ಮತ್ತಷ್ಟು ಉರಿ ತರಿಸಿತು. ಎದುರಿಗೆ ಒಂದು ಬಸ್ಸು ಬಂತು, ಮರ್ಯಾದೆಯಿಂದ ಲೈಟು ಇಳಿಸಿ ಹೋಯಿತು. ಲಾರಿ ಬಂತು, ಇಳಿಸಿತು. ಹಾಲಿನ ವ್ಯಾನೂ ಇಳಿಸಿತು. ಅವನು ಎಡಗಡೆಯ ಸೀಟಿನಲ್ಲಿ ಖಾಲಿ ಹೊಟ್ಟೆ ಹಿಡಿದುಕೊಂಡು, ಜಗತ್ತು ಇಷ್ಟು ಒಳ್ಳೆಯದಾಗಿಬಿಟ್ಟರೆ ತಾನು ಸಂಜೆ ಮನೆಗೆ ಹೋಗಿ ಹೇಳುವುದಾದರೂ ಏನು ಎಂದು ಯೋಚಿಸುತ್ತಿದ್ದ.

ಆಗ ಹೊಸನಗರದ ಕಡೆಯಿಂದ ಒಂದು ಗಾಡಿ ಬಂತು. ಅದರ ಬೆಳಕು ನೇರವಾಗಿ ಕಣ್ಣಿಗೇ ಹೊಡೆಯಿತು. ಸಂಯುಕ್ತಾ ಲೈಟು ಆರಿಸಿ ಹೊತ್ತಿಸಿ ಸನ್ನೆ ಮಾಡಿದಳು. ಇಳಿಸಲಿಲ್ಲ. ಮತ್ತೊಮ್ಮೆ ಮಾಡಿದಳು. ಊಹೂಂ. ಅವಳು ಕಾರನ್ನು ಅಂಚಿಗೆ ತಂದು ನಿಲ್ಲಿಸಬೇಕಾಯಿತು. ಪದ್ಮಪ್ರಸಾದನ ಕಣ್ಣಿಗೆ ಕತ್ತಲೆ ಕಟ್ಟಿ, ಮೈಯಲ್ಲಿ ಹೋದ ಜೀವ ಬಂತು.

"ನೋಡು! ನೋಡು ಸಂಯುಕ್ತಾ! ಲೈಟ್ ಇಳಿಸ್ತಿಲ್ಲ! ನಾನು ಹೇಳ್ತಿದ್ದದ್ದು ಇಂಥವರನ್ನೇ!" ಎಂದು ಕಿಟಕಿಯಿಂದ ಅರ್ಧ ಹೊರಗೆ ಬಂದು, "ಯಾವನೋ ಅವನು! ಕಣ್ಣು ಕಾಣ್ಸಲ್ವೇನೋ!" ಎಂದು ಗಂಟಲು ಹರಿಯುವಂತೆ ಕೂಗಿದ.

ಗಾಡಿ ಪಕ್ಕಕ್ಕೆ ಬಂದು ನಿಂತಿತು. ಹಳೇ ಓಮ್ನಿ. ಸೀತಾರಾಮಪ್ಪನ ತಲೆ ಹೊರಬಂತು.

"ಪದ್ಮಣ್ಣ! ಪಂಥ ಎಂತ ಆತು ಅಂತ ನೋಡೋಕೇ ಹೊರಟ್ವಿ. ಹೆಂಗೈತೆ ಬೆಳಕು? ನಿಮ್ಮ ಹಳೇ ಬಲ್ಬೇ! ಚಿನ್ನದಂಥ ಬಲ್ಬು ಬಿಸಾಡಿದ್ರಲ್ಲ ಮಾರಾಯ್ರೆ!"

"ಲೈಟ್ ಇಳಿಸ್ರೀ ಮೊದಲು!"

"ಇಳಿಸೋದಾ? ಅದೆಲ್ಲ ಆಗಲ್ಲಣ್ಣ," ಎಂದರು ಪಕ್ಕದಲ್ಲಿ ಕೂತಿದ್ದ ಮೀನಾಕ್ಷಮ್ಮ, ಗಂಡನ ಮೇಲಿಂದ ಬಗ್ಗಿ. ಅವರ ಮುಖದಲ್ಲಿ ಭಕ್ತಿ ಉಕ್ಕುತ್ತಿತ್ತು. "ನಿಮ್ಮ ಕಾರಲ್ಲಿ ನೋಡ್ಕಂಡು ಬಂದೋಳು, ಸಿಗಂದೂರಮ್ಮನ ಚಿತ್ರ ಅದೇ ಜಾಗಕ್ಕೆ ಅಂಟಿಸ್ದೆ. ಇವರು ಈ ಕಡ್ಡಿ ಮುಂದೆ ತಳ್ಳಿದ್ದೇ ತಳ್ಳಿದ್ದು, ನಮ್ಮಮ್ಮನಿಗೂ ಪ್ರಭೆ ಬಂದೇಬಿಡ್ತು! ಇನ್ನು ಅದನ್ನ ಮುಟ್ಟಿದ್ರೆ ಕೈ ಮುರೀತೀನಿ ಅಂತ ಇವರಿಗೆ ಹೇಳಿಟ್ಟಿದೀನಿ. ನಾಳೆಯಿಂದ ದಿನಾ ಸಂಜೆ ಇದೇ ಹೊತ್ತಿಗೆ ನಗರದಲ್ಲಿರೋ ಮಗಳ ಮನೆಗೆ ಹೋಗಿ ಬರೋದು. ಎದುರಿಗೆ ಸಿಗ್ತಿರ್ತೀವಿ, ಕೈ ಬೀಸಿ."

ಓಮ್ನಿ ಮಂಜನ್ನು ಬೆಳ್ಳಗೆ ಬೆಳಗುತ್ತ ಧೂಪದಮರದ ತಿರುವಿನ ಕಡೆ ಹೊರಟಿತು. ಅಲ್ಲಿ ರವೀಂದ್ರ ಇನ್ನೂ ರಸ್ತೆಯಂಚಿನಿಂದ ಕಾರು ಎತ್ತುತ್ತಿದ್ದ.

"ಹೇಳ್ಬಾರ್ದಿತ್ತಾ ಅವರಿಗೆ, ಅದು ಎಂತದು ಅಂತ?" ಎಂದಳು ಸಂಯುಕ್ತಾ, ಕಾರು ರಸ್ತೆಗೆ ಹತ್ತಿಸುತ್ತ.

ಪದ್ಮಪ್ರಸಾದ ಹೊರಗೆ ನೋಡುತ್ತಲೇ ಇದ್ದ. ಅವನ ಕಣ್ಣ ಮುಂದೆ ಇನ್ನೂ ಹಳದಿ ಚುಕ್ಕೆಗಳು ಕುಣಿಯುತ್ತಿದ್ದವು. ಹೇಳಬೇಕೆಂದರೆ ಮೂರು ವರ್ಷದ ಕತೆಯನ್ನೆಲ್ಲ ಹೇಳಬೇಕಿತ್ತು, ಅದೂ ಮೀನಾಕ್ಷಮ್ಮನ ಮುಂದೆ. ನಾಳೆ ಬೆಳಗಾಗುವುದರೊಳಗೆ ಇಡೀ ಹೊಸನಗರಕ್ಕೆ ಗೊತ್ತಾಗುತ್ತಿತ್ತು.

"ನೀನು ಸುಮ್ನೆ ಓಡಿಸೇ," ಎಂದು ಅವನು ಗದರಿದ. "ಲೈಟ್ ಇಳಿಸೋದು ಬಿಡೋದು ಅವರವರ ಭಕ್ತಿ."